ಕರೆಯದೆ ಬಂದವರು ಎಲ್ಲಿ ಕೂಡಬೇಕು?

ಅಪ್ಪ ಮೊದಲ ಸಲ ಹೈದರಾಬಾದಿಗೆ ಬಂದಾಗ ಬರ್ಕತ್‌ಪುರದ ನಮ್ಮ ಎರಡು ಕೋಣೆಯ ಬಾಡಿಗೆ ಮನೆಯನ್ನು ಒಂದೇ ನಿಮಿಷದಲ್ಲಿ ನೋಡಿ ಮುಗಿಸಿ ಕೇಳಿದ: "ಕರೀದೇ ಬಂದವ್ರು ಎಲ್ಲಿ ಕುಂದರಬೇಕೋ ತಮ್ಮಾ?" ನನ್ನ ಹತ್ತಿರ ಉತ್ತರವಿರಲಿಲ್ಲ. ಸೇಡಂ ಕಡೆಯ ನಮ್ಮ ವಾಡೆಯಲ್ಲಿ ಅದಕ್ಕೆ ಕಟ್ಟೆ ಇತ್ತು, ಪಡಸಾಲೆ ಇತ್ತು. ಇಲ್ಲಿ ಬಾಗಿಲು ತೆಗೆದರೆ ಸೋಫಾ, ಸೋಫಾ ದಾಟಿದರೆ ಮಂಚ.

ಅದೇ ಪ್ರಶ್ನೆ ಕೇಳುವ ಪುಸ್ತಕವೊಂದು ಎಷ್ಟೋ ವರ್ಷದ ಮೇಲೆ ಆಬಿಡ್ಸಿನ ಭಾನುವಾರದ ಹಳೇ ಪುಸ್ತಕಗಳ ಸಾಲಿನಲ್ಲಿ ಸಿಕ್ಕಿತು. ಆಂಡ್ರ್ಯೂ ವ್ಯಾಲೆಸ್-ಹ್ಯಾಡ್ರಿಲ್ ಬರೆದ, 1994ರಲ್ಲಿ ಬಂದ 'ಹೌಸಸ್ ಅಂಡ್ ಸೊಸೈಟಿ ಇನ್ ಪಾಂಪೈ ಅಂಡ್ ಹರ್ಕ್ಯುಲೇನಿಯಮ್'. ಕ್ರಿ.ಶ. 79ರಲ್ಲಿ ವೆಸೂವಿಯಸ್ ಬೆಟ್ಟ ಸಿಡಿದು ಹೂತುಹೋದ ಎರಡು ಊರುಗಳ 234 ಮನೆಗಳನ್ನು ಆರಿಸಿಕೊಂಡು, ರೋಮನ್ನರು ಮನೆಯನ್ನು ಯಾರಿಗಾಗಿ ಕಟ್ಟುತ್ತಿದ್ದರು ಎಂದು ಇಲ್ಲಿ ವಿಚಾರಿಸಲಾಗಿದೆ. ಮನೆಯವರಿಗಾಗಿ ಅಂತ ನಾವಂದುಕೊಳ್ಳುತ್ತೇವೆ. ಅಲ್ಲ, ಬರುವವರಿಗಾಗಿ. ಬೆಳಿಗ್ಗೆ ಎದ್ದರೆ ಯಜಮಾನನಿಗೆ ನಮಸ್ಕಾರ ಹೇಳಲು ಆಶ್ರಿತರ ಸಾಲು. ಕರೆಯದವರೂ ಮುಂದಿನ ತೊಟ್ಟಿಯವರೆಗೆ ಬರಬಹುದು, ಊಟದ ಕೋಣೆ, ಮಲಗುವ ಕೋಣೆಗೆ ಮಾತ್ರ ಕರೆಯಬೇಕು ಎಂದು ವಿಟ್ರೂವಿಯಸ್ ಬರೆದಿದ್ದಾನೆ. ಸಾಮಾನ್ಯರಿಗೆ ದೊಡ್ಡ ಪಡಸಾಲೆ ಬೇಕಿಲ್ಲವಂತೆ. ಅವರೇ ಇನ್ನೊಬ್ಬರ ಮನೆಗೆ ಹೋಗಿ ನಿಲ್ಲುವವರಲ್ಲವೇ!

ಪುಸ್ತಕದ ದೊಡ್ಡ ಗುಣವೆಂದರೆ ಅರಮನೆಯಂಥ ಮನೆಗಳಿಗೇ ಅದು ಅಂಟಿಕೊಂಡಿಲ್ಲ. ಅಂಗಡಿಯ ಹಿಂದಿನ ಒಂದು ಕೋಣೆಯನ್ನೂ ಲೆಕ್ಕಕ್ಕೆ ಹಿಡಿಯುತ್ತದೆ. ಗಂಡ ಹೆಂಡತಿ ಮಕ್ಕಳಷ್ಟೇ ಅಲ್ಲದೆ ಗುಲಾಮರು, ಬಿಡುಗಡೆಯಾದವರು, ಬಾಡಿಗೆಯವರು ಎಲ್ಲ ಒಂದೇ ಸೂರಿನಡಿ ತುಂಬಿಕೊಂಡಿದ್ದನ್ನು ತೋರಿಸುತ್ತದೆ. ಗೋಡೆಯ ಚಿತ್ರ, ಕಂಬ, ನೆಲದ ಕಲ್ಲು ಇವೆಲ್ಲ 'ನೀನು ಇಲ್ಲಿಯತನಕ' ಅಂತ ಹೇಳುವ ಭಾಷೆ ಎಂಬ ಮಾತು ಓದಿದ ಮೇಲೆ ಯಾವ ಮನೆಗೆ ಹೋದರೂ ನಾನು ಮೊದಲು ನೆಲ ನೋಡುತ್ತೇನೆ.

ಹೈದರಾಬಾದಿನಲ್ಲಿದ್ದು ಓದಿದರೆ ಇನ್ನೊಂದು ಸಂಗತಿ ಎದ್ದು ಕಾಣುತ್ತದೆ. ಇಲ್ಲಿಯ ನವಾಬರ ದೊಡ್ಡ ಮನೆಗಳಿಗೆ ದೇವಡಿ ಅನ್ನುತ್ತಾರೆ. ಆ ಮಾತಿನ ಅರ್ಥವೇ ಹೊಸ್ತಿಲು, ಬಾಗಿಲು. 1951ರಲ್ಲಿ ಸಾಲಾರ್ ಜಂಗ್ ಮ್ಯೂಸಿಯಂ ಶುರುವಾಗಿದ್ದು ದಿವಾನ್ ದೇವಡಿಯಲ್ಲೇ. 1968ರಲ್ಲಿ ಅದು ಈಗಿನ ಕಟ್ಟಡಕ್ಕೆ ಹೋಯಿತು. ದೇವಡಿಯಲ್ಲಿ ಮೊದಲ ಗೆರೆ ಮರ್ದಾನಾ-ಜನಾನಾ, ಗಂಡು-ಹೆಣ್ಣಿನದು. ರೋಮನ್ ಮನೆಯಲ್ಲಿ ಅಂಥ ಗೆರೆ ಕಾಣುವುದಿಲ್ಲ, ಅಲ್ಲಿಯದು ಅಂತಸ್ತಿನ ಗೆರೆ ಎನ್ನುತ್ತಾರೆ ಲೇಖಕರು. ಒಪ್ಪಬೇಕಾದ ಮಾತೇ.

ತಕರಾರು ಬೇರೆ. ಎಲ್ಲವನ್ನೂ ಯಜಮಾನ ಕೂತ ಜಾಗದಿಂದ ನೋಡಿದ ಹಾಗಿದೆ. ಪೆನೆಲೊಪಿ ಆಲಿಸನ್ 2004ರಲ್ಲಿ ಪಾಂಪೈಯ 30 ಮನೆಗಳಲ್ಲಿ ಸಿಕ್ಕ ಸಾಮಾನುಗಳ ಮೇಲೆ ಪುಸ್ತಕ ತಂದರು. ಆ ಗಂಭೀರ ತೊಟ್ಟಿಯಲ್ಲಿ ಕಪಾಟು, ಪಾತ್ರೆ, ನೇಯ್ಗೆಯ ಸಾಮಾನು! ನಮಸ್ಕಾರದ ಸಾಲು ಕರಗಿದ ಮೇಲೆ ಅಲ್ಲಿ ಹೆಂಗಸರು, ಆಳುಗಳು ದಿನ ತಳ್ಳುತ್ತಿದ್ದರು. ವಿಟ್ರೂವಿಯಸ್ ಇದನ್ನು ಹೇಳುವುದಿಲ್ಲ, ವ್ಯಾಲೆಸ್-ಹ್ಯಾಡ್ರಿಲ್ ಅವನನ್ನು ಸ್ವಲ್ಪ ಜಾಸ್ತಿಯೇ ನಂಬಿದ್ದಾರೆ. ಹೊಸ್ತಿಲಲ್ಲಿ ನಿಂತವನ ಕಾಲು ನೋಯುತ್ತಿತ್ತೇ? ಅದು ಈ ಪುಸ್ತಕದಲ್ಲಿಲ್ಲ.

ನನಗದು ಗೊತ್ತು. ಬಾಡಿಗೆ ಮನೆ ಹುಡುಕುವಾಗ ಒಬ್ಬ ಮಾಲೀಕರು ಗೇಟಿನ ಆಚೆಯಿಂದಲೇ "ಮೀರೇಮಿಟ್ಲು?" ಅಂದರು. ಯಾವ ಜನ ನೀವು ಅಂತ. ಬಿಸಿಲಲ್ಲಿ ನಿಂತೇ ಉತ್ತರ ಕೊಟ್ಟೆ. ಅವತ್ತು ರಾತ್ರಿ ನಮ್ಮ ಪಡಸಾಲೆ ನೆನೆದು ಕಣ್ಣು ತುಂಬಿತ್ತು: ನಮ್ಮಲ್ಲಿ ಎಲ್ಲರಿಗೂ ಜಾಗ ಇತ್ತಲ್ಲ!

ಇತ್ತೇ? ಪುಸ್ತಕ ಓದುತ್ತ ವಾಡೆಯ ನಕ್ಷೆಯನ್ನು ಹಾಳೆಯ ಮೇಲೆ ಬರೆದೆ. ಯಾರು ಎಲ್ಲಿಯತನಕ ಅಂತ ಗೆರೆ ಹಾಕಿದೆ. ಪಡಸಾಲೆಯಲ್ಲಿ ಶಾನುಭೋಗರು, ಕಟ್ಟೆಯ ಮೇಲೆ ಒಕ್ಕಲಿಗರು. ಹೊಲದಲ್ಲಿ ಮೂವತ್ತು ವರ್ಷ ದುಡಿದ ಮುದುಕ ಕಟ್ಟೆಯ ಕೆಳಗೆ, ಮಣ್ಣಿನಲ್ಲಿ. ಅವ್ವ ಮೇಲಿನಿಂದ ನೀರು ಹುಯ್ಯುತ್ತಿದ್ದಳು, ಅವನು ಬೊಗಸೆ ಒಡ್ಡುತ್ತಿದ್ದ.

ಫೋನಿನಲ್ಲಿ ಅಪ್ಪನಿಗೆ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದ.

"ಅಂವಗ ನಾವು ಕುಂದರು ಅಂತ ಅಂದಿದ್ದೇ ಇಲ್ಲ ನೋಡು" ಅಂದ.