ವಿಮಾನದ ಹೊಟ್ಟೆಯಡಿಯಿಂದ ಕಕ್ಷೆಗೆ

ಹಾರುವ ವಿಮಾನದಿಂದ ಉಡಾಯಿಸುವ ಪೆಗಾಸಸ್ ರಾಕೆಟ್ಟಿನ ಅರ್ಧ ಕೆಲಸವನ್ನು ವಿಮಾನವೇ ಮಾಡಿಕೊಡುತ್ತದೆಂದು ಹಲವರು ಭಾವಿಸುತ್ತಾರೆ. ಲೆಕ್ಕ ಹಾಗಿಲ್ಲ. ಕಕ್ಷೆಯಲ್ಲಿ ನಿಲ್ಲಲು ಸೆಕೆಂಡಿಗೆ ಸುಮಾರು 7.8 ಕಿ.ಮೀ. ವೇಗ ಬೇಕು, ಜೆಟ್ ವಿಮಾನ ಕೊಡುವುದು ಅದರಲ್ಲಿ ನೂರಕ್ಕೆ ಮೂರು ಪಾಲು ಮಾತ್ರ. ನಿಜವಾದ ಲಾಭ ತೆಳುವಾದ ಗಾಳಿಯಲ್ಲಿದೆ. 12 ಕಿ.ಮೀ. ಎತ್ತರದಲ್ಲಿ ಗಾಳಿಯ ಒತ್ತಡ ನೆಲಮಟ್ಟದ ಐದನೇ ಒಂದು ಪಾಲಿಗೆ ಇಳಿದಿರುತ್ತದೆ. ಹಾಗಾಗಿ ತಡೆ ಕಡಿಮೆ; ರಾಕೆಟ್ಟು ಬಿಸಿ ಅನಿಲ ಉಗುಳುವ ನಳಿಕೆಯ ಬಾಯಿಯನ್ನೂ ಮೊದಲಿನಿಂದಲೇ ಅಗಲವಾಗಿ ಇಡಬಹುದು. ವಿಮಾನದಿಂದ ಕಳಚಿಕೊಂಡ ಪೆಗಾಸಸ್ ಐದು ಸೆಕೆಂಡು ಸುಮ್ಮನೆ ಬೀಳುತ್ತದೆ, ಆಮೇಲೆ ಹೊತ್ತಿಕೊಂಡು ತನ್ನ ತ್ರಿಕೋನ ರೆಕ್ಕೆಯ ಬಲದಿಂದ ಮೇಲಕ್ಕೆ ತಿರುಗುತ್ತದೆ. ಆ ಐದು ಸೆಕೆಂಡುಗಳನ್ನು ನಂಬಿ ರಾಕೆಟ್ ಕಟ್ಟುವುದಕ್ಕೆ ಎಂಥ ಎದೆಗಾರಿಕೆ ಬೇಕು! ಆರ್ಬಿಟಲ್ ಸೈನ್ಸಸ್ ಕಂಪನಿಯ ಎಂಜಿನಿಯರುಗಳು ಅದನ್ನು 1990ರ ಏಪ್ರಿಲ್ 5ರಂದು, ನಾಸಾದ ಬಿ-52 ವಿಮಾನದಿಂದ, ಮೊದಲ ಯತ್ನದಲ್ಲೇ ಸಾಧಿಸಿದರು.

ಪೆಗಾಸಸ್ ದುಬಾರಿ, ಅದು ಹೊರುವುದೂ ಅರ್ಧ ಟನ್ನಿಗಿಂತ ಕಡಿಮೆ ಎಂಬ ಆಕ್ಷೇಪ ಸರಿಯೇ. ಬೋಯಿಂಗ್ 747ರ ರೆಕ್ಕೆಯಡಿಯಿಂದ ಇದೇ ಕೆಲಸ ಮಾಡಿದ ವರ್ಜಿನ್ ಆರ್ಬಿಟ್ ಕಂಪನಿ 2023ರಲ್ಲಿ ದಿವಾಳಿಯಾಯಿತು. ಆದರೆ ಬೆಲೆಯೊಂದೇ ಅಳತೆಗೋಲಲ್ಲ. ನೆಲದ ಉಡಾವಣಾ ಕಟ್ಟೆ ಕದಲುವುದಿಲ್ಲ, ವಿಮಾನ ಬೇಕಾದಲ್ಲಿಗೆ ಹೋಗುತ್ತದೆ. ನುಸ್ಟಾರ್ ಎಕ್ಸ್‌-ರೇ ದೂರದರ್ಶಕಕ್ಕೆ ವಿಕಿರಣ ಕಡಿಮೆಯಿರುವ, ಸಮಭಾಜಕಕ್ಕೆ ಹತ್ತಿರದ ಕಕ್ಷೆ ಬೇಕಿತ್ತು. ಕ್ಯಾಲಿಫೋರ್ನಿಯಾದಲ್ಲಿ ಜೋಡಿಸಿದ ಪೆಗಾಸಸ್ ರಾಕೆಟ್ಟನ್ನು ವಿಮಾನವೇ ಪೆಸಿಫಿಕ್‌ನ ಕ್ವಾಜಲೀನ್ ದ್ವೀಪಕ್ಕೆ ಒಯ್ದು, 2012ರ ಜೂನ್ 13ರಂದು ಸಾಗರದ ಮೇಲೆ ಬಿಟ್ಟಿತು. ಎರಡು ವರ್ಷಕ್ಕೆಂದು ಕಳಿಸಿದ ಆ ದೂರದರ್ಶಕ ಹತ್ತು ವರ್ಷ ದಾಟಿಯೂ ಕೆಲಸ ಮಾಡಿತು.