ವಚನಗಾಯನ: ರಾಗವೋ, ಅನುಭಾವವೋ?

ಹುಬ್ಬಳ್ಳಿ-ಧಾರವಾಡದ ಪರಿಸರಕ್ಕೆ ಸಂಗೀತವು ಹೊಸದಲ್ಲ. ಹಾನಗಲ್ಲ ಕುಮಾರ ಮಹಾಸ್ವಾಮಿಗಳ ಕೃಪಾಶ್ರಯದಲ್ಲಿ ಬೆಳೆದ ಪಂಚಾಕ್ಷರಿ ಗವಾಯಿಗಳು ಗದುಗಿನ ಪುಣ್ಯಾಶ್ರಮದಲ್ಲಿ ಅಂಧ ಬಾಲಕರಿಗೆ ಸ್ವರದ ಬೆಳಕನ್ನಿತ್ತರು. ಅವರ ಶಿಷ್ಯರಾದ ಬಸವರಾಜ ರಾಜಗುರುಗಳೂ, ಮಿರಜದ ನೀಲಕಂಠಬುವಾ ಅವರಲ್ಲಿ, ಬಳಿಕ ಮಂಜಿಖಾನ್, ಭೂರ್ಜಿಖಾನ್ ಸೋದರರಲ್ಲಿ ಕಲಿತ ಮಲ್ಲಿಕಾರ್ಜುನ ಮನಸೂರರೂ (1910-1992) ವಚನಗಳನ್ನು ಸಂಗೀತ ಸಭೆಗಳಿಗೆ ತಂದರು. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಸಂಗೀತದ ಸ್ನಾತಕೋತ್ತರ ಅಭ್ಯಾಸಕ್ಕೂ ಅವಕಾಶವಿದೆ. ಇಷ್ಟಿದ್ದೂ ವಚನಗಾಯನವನ್ನು ನಾವು ವಿಮರ್ಶೆಯ ಒರೆಗೆ ಹಚ್ಚಿದ್ದೇವೆಯೇ?

ವಾಚಕರು ಒಂದು ಸಂಗತಿಯನ್ನು ಗಮನಿಸಬೇಕು. ವಚನದ ಸಾಲುಗಳು ಸಮನಾಗಿಲ್ಲ. ತಾಳದ ಆವರ್ತನವಾದರೋ ಸಮನಾದುದು. ತೀನತಾಲಕ್ಕೆ 16 ಮಾತ್ರೆ, ದಾದರಾಕ್ಕೆ 6. ಈ ಅಳತೆಗೆ ನುಡಿಯನ್ನು ಹೊಂದಿಸಲು ಗಾಯಕರು ಮೊದಲ ಸಾಲನ್ನೇ ಪಲ್ಲವಿಯಾಗಿಸಿ ಮರಳಿ ಮರಳಿ ಹಾಡುತ್ತಾರೆ. ಕೀರ್ತನೆಗೆ ಇದು ಸಹಜ. ಅದು ಪಲ್ಲವಿಯಿಟ್ಟೇ ಕಟ್ಟಿದ ರಚನೆ. ವಚನವು ಮೆಟ್ಟಿಲು ಮೆಟ್ಟಿಲಾಗಿ ಏರಿ ಅಂಕಿತದಲ್ಲಿ ನೆಲೆಗೊಳ್ಳುವಂಥದು. ಸಂಶಯದಿಂದ ಹೊರಟ ಶರಣನು ಶರಣಾಗತಿಯನ್ನು ಮುಟ್ಟಿದ ಮೇಲೆ ಆತನನ್ನು ಮತ್ತೆ ಮೊದಲ ಸಾಲಿಗೆ ಎಳೆತಂದರೆ, ಕೇಳುಗನ ಕಿವಿಯಲ್ಲಿ ಉಳಿಯುವುದು ಸಂಶಯವೇ ಅಲ್ಲವೇ?

ಹಾಗೆಂದು ರಾಗವನ್ನು ದೂರುವುದು ತರವಲ್ಲ. ಮನಸೂರರ ಗಾಯನದಲ್ಲಿ ಸ್ವರವು ಭಾವಕ್ಕೆ ಸೇವಕನಾಗಿ ನಿಂತುದನ್ನು ಕೇಳಿದವರು ಬಲ್ಲರು. ದೋಷದಲ್ಲಿ ನಮ್ಮ ಪಾಲೂ ಉಂಟು. ಮಠಗಳ ಸಭೆಗಳಲ್ಲಿ ಜನ ಕೂಡುವವರೆಗೆ ಎರಡು ವಚನ ಹಾಡಿಸಿ, ಅತಿಥಿಗಳು ಬಂದೊಡನೆ ನಡುವೆಯೇ ನಿಲ್ಲಿಸುವವರು ನಾವೇ.

ಉನ್ನತ ವ್ಯಾಸಂಗವು ನೆರವಾಗಬೇಕಾದುದು ಇಲ್ಲಿಯೇ. ವಿದ್ಯಾರ್ಥಿಯು ಒಂದು ವಚನವನ್ನು ಮೊದಲು ತಾಳವಿಲ್ಲದೆ, ಅರ್ಥದ ನಿಲುಗಡೆಗಳನ್ನರಿತು ಹಾಡಲಿ. ಅನಂತರ ಸ್ವರ ಸಂಯೋಜನೆಗೆ ಕೈಹಾಕಲಿ. ನಿಜಗುಣ ಶಿವಯೋಗಿಗಳ ಕೈವಲ್ಯ ಪದ್ಧತಿ, ಶಿಶುನಾಳ ಶರೀಫರ (1819-1889) ತತ್ತ್ವಪದಗಳು ಹಳ್ಳಿಯ ಭಜನಾ ಮೇಳಗಳಲ್ಲಿ ಯಾವ ಧಾಟಿಯಲ್ಲಿ ಉಳಿದಿವೆಯೆಂಬುದನ್ನು ಹಿರಿಯರ ಬಾಯಿಂದ ಕೇಳಿ ದಾಖಲಿಸಲಿ. ಬಸವ ಜಯಂತಿಯ ಸಾಮೂಹಿಕ ಗಾಯನವನ್ನು ನಡೆಸುವವನು, ನೂರು ಕಂಠಗಳು ಅಂಕಿತದಲ್ಲಿ ಒಂದಾಗಿ ನಿಲ್ಲುವ ಬಗೆಯನ್ನು ಕಲಿಯಲಿ. ಗುರುಮುಖದ ವಿದ್ಯೆಗೆ ಇದು ಎದುರಾಳಿಯಲ್ಲ, ಅದಕ್ಕೆ ಹಿಡಿದ ದೀಪ.

ಮಠದಲ್ಲಿ ಪ್ರಸಾದ ಸ್ವೀಕರಿಸಿ ಓದಿದ ಹಳೆಯ ವಿದ್ಯಾರ್ಥಿಗಳೇ, ನಿಮ್ಮ ಮಕ್ಕಳು ಸಂಗೀತವನ್ನೇ ಮೇಲಿನ ಓದಿಗೆ ಆರಿಸಿಕೊಂಡರೆ ಹೊಟ್ಟೆಪಾಡಿನ ಭಯದಿಂದ ತಡೆಯದಿರಿ. ನೀವೂ ಮುಂದಿನ ಸಭೆಯಲ್ಲಿ ವಚನ ಕೇಳುವಾಗ ತಲೆದೂಗುವ ಮುನ್ನ ಗಮನಿಸಿರಿ: ಹಾಡು ನಿಂತದ್ದು ಎಲ್ಲಿ, ಅಂಕಿತದಲ್ಲಿಯೋ, ಪಲ್ಲವಿಯಲ್ಲಿಯೋ?