ಡಿಗ್ರಿ ಬಿಟ್ಟು ಟರ್ಫಿಗೆ

ಹೆಬ್ಬಾಳ ದಾಟಿ ಬಳ್ಳಾರಿ ರಸ್ತೆಯಲ್ಲಿ ಉತ್ತರಕ್ಕೆ ಹೊರಟರೆ, ವಿಮಾನ ನಿಲ್ದಾಣ ಬರುವಷ್ಟರಲ್ಲಿ ನಮ್ಮ ಕ್ರೀಡಾ ವ್ಯವಸ್ಥೆಯ ಮುಖ್ಯ ಪಾತ್ರಧಾರಿಗಳೆಲ್ಲ ಎದುರಾಗುತ್ತಾರೆ. ಯಲಹಂಕದಲ್ಲಿ ರೈಲು ಗಾಲಿ ಕಾರ್ಖಾನೆ ಇದೆ. ಅದರ ಹೆಸರು ಹೊತ್ತ ತಂಡ ಬೆಂಗಳೂರಿನ ಹಾಕಿ ಲೀಗಿಗೆ ಹಳೆಯ ಪರಿಚಯ. ಕಟ್ಟಿಗೇನಹಳ್ಳಿಯಲ್ಲಿ ರೇವಾ ವಿಶ್ವವಿದ್ಯಾಲಯ, ಹುಣಸಮಾರನಹಳ್ಳಿಯಲ್ಲಿ ಸರ್ ಎಂ.ವಿ. ಹೆಸರಿನ ಇಂಜಿನಿಯರಿಂಗ್ ಕಾಲೇಜು. ಚಿಕ್ಕಜಾಲದ ಪಾಳು ಕೋಟೆಯ ಆಸುಪಾಸಿನಲ್ಲೇ ಬೆಟ್ಟಹಲಸೂರಿನ ಕಡೆ ಪಡುಕೋಣೆ–ದ್ರಾವಿಡ್ ಕ್ರೀಡಾ ಕೇಂದ್ರ. ನೌಕರಿ ಕೊಡುವವರು, ಸೀಟು ಕೊಡುವವರು, ತರಬೇತಿ ಕೊಡುವವರು ಒಂದೇ ರಸ್ತೆಯಲ್ಲಿದ್ದಾರೆ. ಹಾಗಿದ್ದೂ ಎರಡನೇ ವರ್ಷದ ಬಿ.ಕಾಂ. ಓದುತ್ತಿರುವ ಹಾಕಿ ಹುಡುಗನಿಗೆ ಲೀಗಿನಿಂದಲೋ ನೌಕರಿಗೋ ಕರೆ ಬಂದಾಗ, ಓದು ಮತ್ತು ಆಟದಲ್ಲಿ ಒಂದನ್ನು ಬಿಡು ಎನ್ನುವುದು ಬಿಟ್ಟು ಬೇರೆ ಮಾತು ಯಾರಲ್ಲೂ ಇಲ್ಲ.

ಕಾಲೇಜು ತಂಡದ ಅತ್ಯುತ್ತಮ ಆಟಗಾರ ಪದವಿಗೆ ಮುಂಚೆಯೇ ಹೊರಟುಹೋಗುವ ಈ ಪದ್ಧತಿಯನ್ನು ನಾವು ಎರಡೇ ಬಗೆಯಲ್ಲಿ ನೋಡುತ್ತ ಬಂದಿದ್ದೇವೆ. ಮನೆಯವರು, ಮೇಷ್ಟ್ರುಗಳು ‘ಓದು ಹಾಳಾಯಿತು’ ಎನ್ನುತ್ತಾರೆ. ಪತ್ರಿಕೆಗಳು ‘ಧೈರ್ಯದ ನಿರ್ಧಾರ’ ಎಂದು ಬರೆಯುತ್ತವೆ. ಎರಡೂ ಹುಡುಗನನ್ನೇ ತೂಗುವ ಮಾತುಗಳು. ತೂಗಬೇಕಾದದ್ದು ಅವನ ಮುಂದಿಟ್ಟ ಕರಾರನ್ನು: ಬಿಟ್ಟದ್ದಕ್ಕೆ ಪ್ರತಿಯಾಗಿ ಅವನಿಗೆ ಸಿಕ್ಕಿದ್ದೇನು, ಮತ್ತು ಬಿಟ್ಟದ್ದನ್ನು ಮರಳಿ ಪಡೆಯಲು ದಾರಿಯಿದೆಯೇ?

ಮೊದಲು ಸಿಗುವುದರ ಮಾತು. ಅಮೆರಿಕದಲ್ಲಿ, ಮಂಜುಗಡ್ಡೆಯ ಮೇಲಿನ ಹಾಕಿಯಲ್ಲಿ, ಮ್ಯಾಕ್ಲಿನ್ ಸೆಲೆಬ್ರಿನಿ ಎಂಬ ಹುಡುಗ ಬಾಸ್ಟನ್ ವಿಶ್ವವಿದ್ಯಾಲಯದಲ್ಲಿ ಒಂದೇ ಒಂದು ಋತು ಆಡಿ, ಕಾಲೇಜು ಹಾಕಿಯ ಅತಿ ದೊಡ್ಡ ಪ್ರಶಸ್ತಿಯನ್ನು 17ನೇ ವಯಸ್ಸಿಗೇ ಗೆದ್ದು, 2024ರಲ್ಲಿ ಸ್ಯಾನ್ ಹೋಸೆ ತಂಡದ ವೃತ್ತಿಪರನಾದ. ಅವನಿಗಾಗಿ ಕಾದಿದ್ದ ಲೀಗಿನಲ್ಲಿ 32 ತಂಡಗಳಿದ್ದವು. ಒಂದೊಂದು ತಂಡಕ್ಕೂ ಋತುವಿಗೆ 82 ಪಂದ್ಯ. ಆ ವರ್ಷ ಅಲ್ಲಿ ಯಾವ ಆಟಗಾರನಿಗೂ 7,75,000 ಡಾಲರಿಗಿಂತ ಕಡಿಮೆ ವಾರ್ಷಿಕ ಸಂಬಳ ನಿಗದಿ ಮಾಡುವಂತಿರಲಿಲ್ಲ. ಅಂಥ ಕಡೆ ಕಾಲೇಜು ಬಿಡುವುದನ್ನು ತ್ಯಾಗ ಎನ್ನಬೇಕಿಲ್ಲ, ಅದು ಸರಿಯಾದ ಲೆಕ್ಕಾಚಾರ.

ನಮ್ಮ ಹಾಕಿಯಲ್ಲಿ ವೃತ್ತಿಪರ ಎನ್ನುವ ಮಾತಿನ ಹಿಂದೆ ಅಂಥ ನೆಲವೇ ಇಲ್ಲ. ಪ್ರೀಮಿಯರ್ ಹಾಕಿ ಲೀಗ್ 2005ರಲ್ಲಿ ಆರಂಭವಾಯಿತು, 2008ಕ್ಕೆ ಮುಗಿಯಿತು. ಆ ನಾಲ್ಕು ಆವೃತ್ತಿಗಳಲ್ಲಿ ಎರಡನ್ನು ಗೆದ್ದದ್ದು ನಮ್ಮ ಬೆಂಗಳೂರು ಹೈಫ್ಲೈಯರ್ಸ್. ಗೆದ್ದವರ ತಂಡವೂ ಲೀಗಿನ ಜೊತೆಗೇ ಇಲ್ಲವಾಯಿತು. ಭಾರತ ಬೀಜಿಂಗ್ ಒಲಿಂಪಿಕ್ಸ್‌ಗೆ ಅರ್ಹತೆ ಪಡೆಯದೆ ಹೋದ ವರ್ಷವೂ ಅದೇ 2008, ಭಾರತೀಯ ಹಾಕಿ ಫೆಡರೇಷನ್ ಮೇಲೆ ಭಾರತೀಯ ಒಲಿಂಪಿಕ್ ಸಂಸ್ಥೆ ಕ್ರಮ ಕೈಗೊಂಡ ವರ್ಷವೂ ಅದೇ. 2012ರಲ್ಲಿ ವರ್ಲ್ಡ್ ಸೀರೀಸ್ ಹಾಕಿ ಬಂತು. ಸೋಮವಾರಪೇಟೆಯ ಅರ್ಜುನ್ ಹಾಲಪ್ಪನವರಂಥ ಅನುಭವಿಗಳು ಕರ್ನಾಟಕ ಲಯನ್ಸ್ ಅಂಗಿ ತೊಟ್ಟು ಆಡಿದರು. ಎರಡು ಆಡಳಿತ ಸಂಸ್ಥೆಗಳ ಜಗಳದ ನಡುವೆ ಹುಟ್ಟಿದ ಆ ಕೂಟಕ್ಕೆ ಎರಡನೇ ವರ್ಷವೆಂಬುದು ಬರಲೇ ಇಲ್ಲ. 2013ರಲ್ಲಿ ಹಾಕಿ ಇಂಡಿಯಾ ಲೀಗ್ ಶುರುವಾಯಿತು. ಕೊಡಗಿನ ವಿ.ಆರ್. ರಘುನಾಥ್ ಅವರನ್ನು ಉತ್ತರ ಪ್ರದೇಶದ ತಂಡ 76,000 ಡಾಲರಿಗೆ ಕೊಂಡಾಗ ಮಡಿಕೇರಿಯಿಂದ ಪೊನ್ನಂಪೇಟೆಯವರೆಗೆ ಎಷ್ಟು ಮನೆಗಳಲ್ಲಿ ಆಸೆ ಚಿಗುರಿರಬೇಕು! ಆ ಲೀಗೂ 2017ರ ನಂತರ ನಿಂತುಹೋಯಿತು. ಮತ್ತೆ ಆರಂಭವಾದದ್ದು 2024ರ ಡಿಸೆಂಬರ್ 28ಕ್ಕೆ.

ಈ ನಡುವಿನ ಏಳು ವರ್ಷವನ್ನು ಗಮನವಿಟ್ಟು ನೋಡಬೇಕು. 2017ರಲ್ಲಿ 18 ವರ್ಷದವನಾಗಿದ್ದು, ಲೀಗ್ ನಂಬಿ ಓದು ಬಿಟ್ಟ ಹುಡುಗನಿಗೆ ಲೀಗ್ ಮರಳಿ ಬರುವಾಗ 25. ಹಾಕಿ ಆಟಗಾರನ ಕಾಲು ಅತ್ಯಂತ ಚುರುಕಾಗಿರುವ ವರ್ಷಗಳೆಲ್ಲ ಆ ಖಾಲಿ ಜಾಗದಲ್ಲೇ ಕಳೆದುಹೋದವು. ಮರಳಿ ಬಂದ ಲೀಗಾದರೂ ಎಂಥದ್ದು? ಪುರುಷರ ಎಂಟು ತಂಡಗಳು, ಅವುಗಳಲ್ಲಿ ಕರ್ನಾಟಕದ್ದು ಒಂದೂ ಇಲ್ಲ. ತಂಡವೊಂದು 24 ಆಟಗಾರರನ್ನು ಕೊಳ್ಳಲು ಇದ್ದ ಹಣ ನಾಲ್ಕು ಕೋಟಿ ರೂಪಾಯಿ. ಹರಾಜಿನಲ್ಲಿ ಹರ್ಮನ್‌ಪ್ರೀತ್ ಸಿಂಗ್ ಅವರಿಗೆ 78 ಲಕ್ಷ ಬಂತು, ನ್ಯಾಯವಾಗಿಯೇ ಬಂತು. ಕೆಳಗಿನ ಮೂಲ ಬೆಲೆ ಎರಡು ಲಕ್ಷ. ಫೆಬ್ರವರಿ 1ಕ್ಕೆ ಫೈನಲ್ ಮುಗಿಯಿತು. ಎರಡು ಲಕ್ಷದ ಆಟಗಾರನಿಗೆ ಅದು ಐದು ವಾರದ ದುಡಿಮೆ, ಉಳಿದ 47 ವಾರಕ್ಕೆ ಬೇರೆ ದಾರಿ ಹುಡುಕಿಕೊಳ್ಳಬೇಕು. ಪ್ರತಿ ತಂಡದಲ್ಲೂ ನಾಲ್ವರು ಜೂನಿಯರ್ ಆಟಗಾರರು ಇರಲೇಬೇಕೆಂಬ ನಿಯಮ ಒಳ್ಳೆಯದೇ. ಅದು ಒಂದು ಋತುವಿನ ಬಾಗಿಲು ತೆರೆಯಬಲ್ಲುದು, ಜೀವನದ ಭರವಸೆಯಾಗಲಾರದು.

ಹಾಗಾದರೆ ನಮ್ಮ ಹಾಕಿಯ ನಿಜವಾದ ವೃತ್ತಿ ಯಾವುದು? ನೌಕರಿ. ಸರ್ಕಾರಿ ಕಾಲದ ಏರ್ ಇಂಡಿಯಾ, ಇಂಡಿಯನ್ ಆಯಿಲ್, ಭಾರತ್ ಪೆಟ್ರೋಲಿಯಂ, ಕೆನರಾ ಬ್ಯಾಂಕ್, ಸೇನೆ, ರೈಲ್ವೆ. 1980ರ ಮಾಸ್ಕೋ ಚಿನ್ನದ ತಂಡದಲ್ಲಿದ್ದು 1988ರ ಸೋಲ್ ಒಲಿಂಪಿಕ್ಸ್‌ನಲ್ಲಿ ಭಾರತವನ್ನು ಮುನ್ನಡೆಸಿದ ಎಂ.ಎಂ. ಸೋಮಯ್ಯ ಭಾರತ್ ಪೆಟ್ರೋಲಿಯಂನಲ್ಲಿ ದುಡಿದವರು. ಕರ್ನಾಟಕದ ಹಾಕಿಯನ್ನು ಅರ್ಧ ಶತಮಾನ ಸಾಕಿದ್ದು ಪ್ರಾಯೋಜಕರಲ್ಲ, ಈ ಸಂಬಳದ ಪಟ್ಟಿಗಳು. ಕಾಲೇಜು ಬಿಟ್ಟು ‘ಪ್ರೊಫೆಷನಲ್’ ಆದವನ ಮನೆಯಲ್ಲಿ ವಿಚಾರಿಸಿ ನೋಡಿ. ತಾಯಿ ಹೇಳುವುದು ‘ಸ್ಪೋರ್ಟ್ಸ್ ಕೋಟಾದಲ್ಲಿ ಕೆಲಸ ಆಯ್ತು’ ಎಂದು. ಇಡೀ ವಿಷಯದಲ್ಲಿ ಅತ್ಯಂತ ಸತ್ಯವಾದ ಮಾತು ಅದೇ.

ಹುಡುಗನಿಗೆ ಯಾರೂ ಬಿಡಿಸಿ ಹೇಳದ ಸಂಗತಿ ಈ ಕೋಟಾದ ಒಳಗೇ ಇದೆ. ರೈಲ್ವೆಯ ಕ್ರೀಡಾ ನೇಮಕಾತಿಯಲ್ಲಿ ಆಟದ ಸಾಧನೆ ಒಂದೇ ಸಾಲದು. ಲೆವೆಲ್ 4 ಮತ್ತು 5ರ ಹುದ್ದೆಗೆ ಪದವಿ ಬೇಕು. ಲೆವೆಲ್ 2 ಮತ್ತು 3ಕ್ಕೆ ಪಿಯುಸಿ ಸಾಕು, ಲೆವೆಲ್ 1ಕ್ಕೆ ಹತ್ತನೇ ತರಗತಿ. ಏಳನೇ ವೇತನ ಆಯೋಗದ ಪ್ರಕಾರ ಲೆವೆಲ್ 2ರ ಆರಂಭಿಕ ಮೂಲ ವೇತನ 19,900 ರೂಪಾಯಿ, ಲೆವೆಲ್ 5ರದು 29,200. ಒಂದೇ ಪದಕ ಗೆದ್ದ ಇಬ್ಬರ ನಡುವೆ ತಿಂಗಳಿಗೆ 9,300 ರೂಪಾಯಿ ಅಂತರ ಹುಟ್ಟುವುದು ಪದವಿಯ ಆ ಕಾಗದದಿಂದ. ತುಟ್ಟಿಭತ್ಯೆ, ಬಡ್ತಿ, ಪಿಂಚಣಿ ಎಲ್ಲವೂ ಈ ಮೂಲ ವೇತನದ ಮೇಲೆಯೇ ಬೆಳೆಯುವುದರಿಂದ ಆ ಅಂತರ ನಿವೃತ್ತಿಯವರೆಗೂ ಜೊತೆಗೆ ನಡೆಯುತ್ತದೆ. ಅರ್ಜಿ ಹಾಕಲು ವಯಸ್ಸು 18ರಿಂದ 25ರ ಒಳಗಿರಬೇಕು, ಯಾರಿಗೂ ಸಡಿಲಿಕೆಯಿಲ್ಲ. ಆದ್ದರಿಂದ ‘ಇನ್ನು ಒಂದು ವರ್ಷ ತಡೆ, ಮುಗಿಸಿ ಹೋಗು’ ಎಂಬ ಮೇಷ್ಟ್ರ ಮಾತು ಸಂಪ್ರದಾಯದ ಭಯವೆಂದು ತಳ್ಳಿಹಾಕುವಂಥದ್ದಲ್ಲ, ಅದಕ್ಕೆ ರೂಪಾಯಿ ಪೈಸೆಯ ಆಧಾರವಿದೆ. ‘ವಯಸ್ಸು ಮೀರುತ್ತಿದೆ, ಈಗಲೇ ಹೋಗಲಿ’ ಎಂಬ ಕೋಚ್ ಮಾತಿಗೂ ಅಷ್ಟೇ ಆಧಾರವಿದೆ. ಎರಡು ನಿಜಗಳ ನಡುವೆ ಸಿಕ್ಕಿಕೊಂಡವನು ಹತ್ತೊಂಬತ್ತರ ಹುಡುಗ.

ಇಲ್ಲಿ ಕೆಲವರು ಕ್ರಿಕೆಟಿಗರ ಉದಾಹರಣೆ ಕೊಡುತ್ತಾರೆ. ಅನಿಲ್ ಕುಂಬ್ಳೆ ಆರ್.ವಿ. ಕಾಲೇಜಿನಲ್ಲಿ ಮೆಕ್ಯಾನಿಕಲ್ ಓದುತ್ತಲೇ 1990ರಲ್ಲಿ ಭಾರತಕ್ಕೆ ಆಡಿದರು, ಪದವಿಯನ್ನೂ ಮುಗಿಸಿದರು. ಜಾವಗಲ್ ಶ್ರೀನಾಥ್ ಮೈಸೂರಿನ ಎಸ್.ಜೆ.ಸಿ.ಇ.ಯಲ್ಲಿ ಇಂಜಿನಿಯರ್ ಆದವರು. ಅವರಿಗೆ ಸಾಧ್ಯವಾದದ್ದು ಇವರಿಗೇಕೆ ಆಗದು ಎಂಬುದು ಪ್ರಶ್ನೆ. ಈ ಹೋಲಿಕೆ ನನಗೆ ಒಪ್ಪಿಗೆಯಾಗುವುದಿಲ್ಲ. ಓದು ಮನೆಯ ವಾಡಿಕೆಯೇ ಆಗಿರುವ ನಗರದ ಕುಟುಂಬಗಳಿಗೂ, ಕೂಡಿಗೆಯ ಕ್ರೀಡಾಶಾಲೆ ಅಥವಾ ಪೊನ್ನಂಪೇಟೆಯ ಕ್ರೀಡಾ ಹಾಸ್ಟೆಲಿನಲ್ಲಿ ಊಟ ಮತ್ತು ಸ್ಟಿಕ್ ಎರಡಕ್ಕೂ ಸರ್ಕಾರವನ್ನೇ ನಂಬಿ ಬೆಳೆಯುವ ಮಗುವಿಗೂ ಬಹಳ ದೂರ. ಅವನ ಪಾಲಿಗೆ ಹಾಕಿಯೇ ಮನೆಗೆ ಬರುವ ಮೊದಲ ಸಂಬಳ. ಅದನ್ನು ಮೂರು ವರ್ಷ ಮುಂದಕ್ಕೆ ಹಾಕು ಎಂದು ಹೇಳುವವರು ಆ ಮೂರು ವರ್ಷ ಅವನ ಮನೆ ಹೇಗೆ ನಡೆಯಬೇಕೆಂದೂ ಹೇಳಬೇಕು. ಚಿಕ್ಕಜಾಲದ ಪಕ್ಕದ ಕೇಂದ್ರದಲ್ಲಿ ಬೆಳೆಯುವ ಬ್ಯಾಡ್ಮಿಂಟನ್ ಮಕ್ಕಳ ಉದಾಹರಣೆಯೂ ಇಲ್ಲಿ ಸಲ್ಲುವುದಿಲ್ಲ. ಪ್ರಕಾಶ್ ಪಡುಕೋಣೆ ಅಕಾಡೆಮಿಯಲ್ಲಿ ಪಳಗಿದ ಲಕ್ಷ್ಯ ಸೇನ್ ಪ್ಯಾರಿಸ್ ಒಲಿಂಪಿಕ್ಸ್‌ನ ಸೆಮಿಫೈನಲ್‌ವರೆಗೆ ಹೋದರು, ಅವರ ಆಟಕ್ಕೆ ವರ್ಷವಿಡೀ ನಡೆಯುವ ವಿಶ್ವ ಟೂರ್ ಇದೆ, ಬಹುಮಾನದ ಹಣ ಒಬ್ಬನ ಹೆಸರಿಗೇ ಬರುತ್ತದೆ. ಹಾಕಿಯಲ್ಲಿ ಹನ್ನೊಂದು ಜನ ಗೆದ್ದರೂ ಹಂಚಿಕೊಳ್ಳಲು ಅಂಥದ್ದೇನೂ ಇರುವುದಿಲ್ಲ.

ಇನ್ನು ಬಿಟ್ಟದ್ದನ್ನು ಮರಳಿ ಪಡೆಯುವ ದಾರಿಯ ಮಾತು. ಇಲ್ಲಿ ನನ್ನ ದೂರು ಇರುವುದು ಕಾಲೇಜುಗಳ ಮೇಲೆ. ಆಟಗಾರನನ್ನು ಒಳಕ್ಕೆ ಕರೆದುಕೊಳ್ಳುವಾಗ ಅವರ ಕೈ ಬಹಳ ಉದಾರ: ಶುಲ್ಕ ಮಾಫಿ, ಹಾಸ್ಟೆಲ್, ಹಾಜರಾತಿಯಲ್ಲಿ ರಿಯಾಯಿತಿ, ಗೆದ್ದಾಗ ಗೇಟಿನ ಮೇಲೆ ದೊಡ್ಡ ಫ್ಲೆಕ್ಸ್. 2022ರ ಏಪ್ರಿಲ್–ಮೇನಲ್ಲಿ ಖೇಲೋ ಇಂಡಿಯಾ ವಿಶ್ವವಿದ್ಯಾಲಯ ಕ್ರೀಡಾಕೂಟ ಬೆಂಗಳೂರಿನಲ್ಲಿ ನಡೆದು ಜೈನ್ ವಿಶ್ವವಿದ್ಯಾಲಯ ಪದಕ ಪಟ್ಟಿಯ ತುದಿಗೇರಿದ ಮೇಲೆ, ಪದಕ ತರುವ ವಿದ್ಯಾರ್ಥಿಯ ಬೆಲೆ ಎಲ್ಲ ಆಡಳಿತ ಮಂಡಳಿಗಳಿಗೂ ಗೊತ್ತಾಗಿದೆ. ಅದೇ ವಿದ್ಯಾರ್ಥಿ ಮೈಸೂರು ರಸ್ತೆಯ ಭಾರತೀಯ ಕ್ರೀಡಾ ಪ್ರಾಧಿಕಾರದ (ಸಾಯ್) ಕೇಂದ್ರದ ಕ್ಯಾಂಪಿಗೆ ಹೋಗಿ ಎರಡು ಸೆಮಿಸ್ಟರ್ ಪರೀಕ್ಷೆ ತಪ್ಪಿಸಿಕೊಂಡಾಗ, ಅಥವಾ ನೌಕರಿ ಸಿಕ್ಕಿ ಟಿ.ಸಿ. ಕೇಳಿದಾಗ, ಆ ಉದಾರತೆಯೆಲ್ಲ ಮುಗಿದಿರುತ್ತದೆ. ಮೂರು ವರ್ಷದ ಪದವಿಯನ್ನು ಸಾಮಾನ್ಯವಾಗಿ ಆರು ವರ್ಷದೊಳಗೆ ಮುಗಿಸಬೇಕೆಂಬ ಮಿತಿ ಬೇರೆ. ಹಾಕಿ ಆಟಗಾರ ಟರ್ಫ್ ಬಿಡುವುದು ಮೂವತ್ತರ ಹತ್ತಿರ. ಅವನಿಗೆ ಪುಸ್ತಕ ತೆರೆಯಲು ಬಿಡುವು ಸಿಗುವ ಹೊತ್ತಿಗೆ ನಿಯಮ ಅವನ ಸೀಟನ್ನು ಕಿತ್ತುಕೊಂಡಿರುತ್ತದೆ.

ಒಂದು ಸಲ ದಾರಿ ತೆರೆಯುವ ಸೂಚನೆ ಕಂಡಿತ್ತು. 2021–22ರಲ್ಲಿ ಕರ್ನಾಟಕ ರಾಷ್ಟ್ರೀಯ ಶಿಕ್ಷಣ ನೀತಿಯನ್ನು ಜಾರಿಗೆ ತಂದಾಗ, ಒಂದು ವರ್ಷ ಓದಿದವನಿಗೆ ಸರ್ಟಿಫಿಕೇಟ್, ಎರಡು ವರ್ಷಕ್ಕೆ ಡಿಪ್ಲೊಮಾ ಕೊಟ್ಟು ಕಳಿಸಿ, ಮುಂದೆ ಬಂದಾಗ ಉಳಿದದ್ದನ್ನು ಓದಿಸುವ ಏರ್ಪಾಡು ಅದರೊಳಗಿತ್ತು. ನಾಲ್ಕು ವರ್ಷದ ಪದವಿಯ ವಿರುದ್ಧ ಎದ್ದ ಆಕ್ಷೇಪಗಳಲ್ಲಿ ಹುರುಳಿತ್ತು. ರಾಜ್ಯ 2024–25ರಿಂದ ಮೂರು ವರ್ಷದ ಪದವಿಗೆ ಮರಳಿದ್ದು ಬಡ ವಿದ್ಯಾರ್ಥಿಗಳ ಮಟ್ಟಿಗೆ ಸರಿ ಎಂದೇ ನನ್ನ ಅಭಿಪ್ರಾಯ. ಆದರೆ ಆ ಬದಲಾವಣೆಯ ಗದ್ದಲದಲ್ಲಿ, ನಡುವೆ ಹೊರಬಂದು ಮತ್ತೆ ಒಳಹೋಗುವ ಅನುಕೂಲ ಯಾರಿಗೆ ಅತಿ ಹೆಚ್ಚು ಬೇಕಿತ್ತೆಂದು ಯಾರೂ ಕೇಳಲಿಲ್ಲ. ಮೂರು ವರ್ಷದ ಪದವಿಯೊಳಗೂ ಅದನ್ನು ಕ್ರೀಡಾಪಟುಗಳಿಗಾಗಿ ಉಳಿಸಿಕೊಳ್ಳಬಹುದು. ಭಾರತವನ್ನೋ ರಾಜ್ಯವನ್ನೋ ಪ್ರತಿನಿಧಿಸಿದವರ ಸೀಟು ಹದಿನೈದು ವರ್ಷ ಜೀವಂತವಾಗಿರಲಿ, ಕ್ಯಾಂಪಿನಲ್ಲಿದ್ದವರಿಗೆ ಬೇರೆ ದಿನಾಂಕದ ಪರೀಕ್ಷೆ ಇರಲಿ. ಇದಕ್ಕೆ ಹೊಸ ಕಟ್ಟಡ ಬೇಡ, ಸಿಂಡಿಕೇಟಿನ ಒಂದು ನಿರ್ಣಯ ಸಾಕು.

ಓದನ್ನೂ ಆಟವನ್ನೂ ಒಂದೇ ಚೌಕಟ್ಟಿನಲ್ಲಿ ಇಟ್ಟವರು ನಮ್ಮಲ್ಲಿ ಇಲ್ಲದೆ ಇಲ್ಲ. ಭಾರತದ ನಾಯಕರಾಗಿದ್ದ ಜೂಡ್ ಫೆಲಿಕ್ಸ್ 2009ರಿಂದ ಬೆಂಗಳೂರಿನಲ್ಲಿ ಅನಾಥಾಲಯದ ಮಕ್ಕಳಿಗೆ ಹಾಕಿ ಕಲಿಸುತ್ತಿದ್ದಾರೆ. ಅಲ್ಲಿ ಶಾಲೆ ಮತ್ತು ಮೈದಾನ ಒಂದೇ ದಿನಚರಿಯ ಎರಡು ಭಾಗ. ಹಲಸೂರಿನಲ್ಲಿರುವ ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪಿನ (ಎಂ.ಇ.ಜಿ.) ಬಾಲಕರ ಕ್ರೀಡಾ ಕಂಪನಿ ಚಿಕ್ಕ ವಯಸ್ಸಿನವರನ್ನು ಆರಿಸಿ, ಹತ್ತನೇ ತರಗತಿಯವರೆಗೆ ಓದಿಸಿ, ವಯಸ್ಸಾದಾಗ ಸೇನೆಗೆ ಸೇರಿಸಿಕೊಳ್ಳುತ್ತದೆ. ಕೊನೆಯಲ್ಲಿ ಏನು ಸಿಗುತ್ತದೆಂದು ಮೊದಲ ದಿನವೇ ಹೇಳುವ ಪ್ರಾಮಾಣಿಕತೆ ಆ ಕರಾರಿನಲ್ಲಿದೆ. ಖಾಸಗಿ ವಿಶ್ವವಿದ್ಯಾಲಯಗಳ ಕ್ರೀಡಾ ಸೀಟಿನಲ್ಲಿ ಅಷ್ಟು ಸ್ಪಷ್ಟತೆಯನ್ನು ನಾನು ಕಂಡಿಲ್ಲ.

ಹುಡುಗಿಯರ ವಿಷಯಕ್ಕೆ ಬಂದರೆ ನನ್ನ ತೀರ್ಮಾನ ಇನ್ನೊಂದು ಕಡೆಗೆ ವಾಲುತ್ತದೆ. ಮಹಿಳೆಯರ ಹಾಕಿ ಇಂಡಿಯಾ ಲೀಗ್ ಮೊದಲ ಬಾರಿಗೆ ನಡೆದದ್ದು 2025ರ ಜನವರಿಯಲ್ಲಿ, ತಂಡಗಳು ನಾಲ್ಕೇ. ಲೀಗಿನ ಆಸೆಗೆ ಓದು ಬಿಡು ಎಂದು ಯಾವ ಹುಡುಗಿಗೂ ಹೇಳಲಾರೆ. ರೈಲ್ವೆಯ ಆದೇಶ ಪತ್ರ ಕೈಗೆ ಬಂದಿದ್ದರೆ ಮಾತು ಬೇರೆ. ಮಹಿಳಾ ಹಾಕಿಯನ್ನು ಈ ದೇಶದಲ್ಲಿ ಬದುಕಿಸಿದ್ದೇ ರೈಲ್ವೆ. ಹಾಸನದ ಹಳ್ಳಿಯೋ ಹಾವೇರಿಯ ಹಳ್ಳಿಯೋ, ಡಿಗ್ರಿ ಮುಗಿದ ವರ್ಷವೇ ಮಗಳ ಮದುವೆಯ ಮಾತು ಏಳುವ ಮನೆಯಲ್ಲಿ, ಸಂಬಳ ತರುವ ಮಗಳಿಗೆ ಇನ್ನೂ ಐದು ವರ್ಷ ಆಡಲು ಅವಕಾಶ ಸಿಗುತ್ತದೆ. ಲೆವೆಲ್ 2 ಆದರೂ ಸರಿ, ಆಕೆ ಹೋಗಲಿ. ಬಿ.ಎ.ಯ ಉಳಿದ ಸೆಮಿಸ್ಟರುಗಳನ್ನು ಮೈಸೂರಿನ ಮುಕ್ತ ವಿಶ್ವವಿದ್ಯಾಲಯದಲ್ಲಿ ಓದಲು ಇಲಾಖೆ ಆಕೆಗೆ ಪರೀಕ್ಷೆಯ ರಜೆ ಕೊಡಲಿ, ಪದವಿ ಮುಗಿದ ದಿನದಿಂದ ಮೇಲಿನ ಲೆವೆಲಿಗೆ ಅರ್ಹತೆಯನ್ನೂ ಕೊಡಲಿ.